ಎರಡು ರಿಂಗಿನ ಸುಳ್ಳು

ಟೆಲಿಫೋನಿನ ಹಿಂಬದಿಯಲ್ಲಿ ಅಂಗಿಯ ಗುಂಡಿಗಿಂತ ಸಣ್ಣದೊಂದು ಚಕ್ರವಿರುತ್ತದೆ, ನೋಡಿದ್ದೀರಾ? ರಿಂಗಿನ ಸದ್ದನ್ನು ಏರಿಸುವುದು, ಇಳಿಸುವುದು ಅದರ ಕೆಲಸ. ದಾವಣಗೆರೆಯ ನಮ್ಮ ಮನೆಯ ಫೋನಿನಲ್ಲಿ ಅದು ಬಂದ ದಿನದಿಂದ ನಡುಮಧ್ಯದಲ್ಲೇ ನಿಂತಿತ್ತು. ಧೂಳು ಒರೆಸುವಾಗಲೆಲ್ಲ ನೋಡುತ್ತಿದ್ದೆ. ಬೆರಳು ತಾಗಿಸಿದ್ದರೆ ಸಾಕಿತ್ತು. ತಾಗಿಸಲಿಲ್ಲ. ತಾಗಿಸಿದರೆ, ನನ್ನ ಬಲಗಿವಿ ಪೂರ್ತಿ ರಿಟೈರ್ ಆಗಿದೆ, ಎಡಗಿವಿ ಎಕ್ಸ್‌ಟೆನ್ಷನ್ ಮೇಲೆ ದುಡಿಯುತ್ತಿದೆ ಎಂದು ಮನೆಯವರ ಮುಂದೆ ಒಪ್ಪಿಕೊಳ್ಳಬೇಕಾಗುತ್ತಿತ್ತಲ್ಲ!

ಅಷ್ಟು ದಿನ ಈ ಗುಟ್ಟನ್ನು ಕಾಪಾಡಿದ್ದು ನನ್ನ ಕಾನ್ವೆಂಟ್ ವಿದ್ಯೆ. "ಏನು?" ಎನ್ನುವುದು ಅಸಭ್ಯ, "ಐ ಬೆಗ್ ಯುವರ್ ಪಾರ್ಡನ್" ಎನ್ನಬೇಕೆಂದು ಮದರ್ ಸುಪೀರಿಯರ್ ತಿದ್ದಿದ್ದರು. ಮಾತಿಗೊಮ್ಮೆ ನಾನು ಪಾರ್ಡನ್ ಬೇಡುತ್ತಿದ್ದರೆ, ಎಂಥ ವಿನಯವಪ್ಪಾ ಈ ಅಮ್ಮನಿಗೆ ಎಂದು ಬೀದಿಯವರು ಮೆಚ್ಚುತ್ತಿದ್ದರು.

ಫೋನಿನ ಮುಂದೆ ಮಾತ್ರ ವಿನಯ ನಡೆಯದು. ಹರಿಹರದಲ್ಲಿರುವ ನನ್ನ ಅಕ್ಕ ತಿಂಗಳಿಗೆರಡು ಸಲ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದು, ಸಂಜೆ ಐದರ ಬಸ್ಸಿಗೆ ಮರಳುವವಳು. ಮನೆ ಮುಟ್ಟಿದೊಡನೆ ಎರಡು ರಿಂಗ್ ಕೊಟ್ಟು ಇಡಬೇಕು, ನಾನು ಎತ್ತಬಾರದು: ಇದು ನಮ್ಮಿಬ್ಬರ ಕರಾರು. ಆ ರಿಂಗ್ ನನ್ನ ಕಿವಿಗೆ ಬೀಳದೆ ಎಷ್ಟೋ ತಿಂಗಳಾಗಿತ್ತು. ಆದ್ದರಿಂದ ನಾನು ಗಡಿಯಾರ ನೋಡಿ, ಸರಿಯಾಗಿ ಆರಕ್ಕೆ, ಮಹಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತ ಸೊಸೆ ಸುಮಾಗೆ ಕೂಗಿ ಹೇಳುತ್ತಿದ್ದೆ: "ಎರಡು ರಿಂಗ್ ಬಂತಮ್ಮಾ, ಅಕ್ಕ ಮುಟ್ಟಿದಳು."

ಕಳೆದ ತಿಂಗಳೂ ಹಾಗೆಯೇ ಘೋಷಿಸಿ ತಿರುಗಿದರೆ, ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದಾಳೆ ಅಕ್ಕ!

"ಯಾರೇ ಮುಟ್ಟಿದ್ದು? ಬಸ್ಸು ಬಾತಿ ಹತ್ರ ಕೆಟ್ಟು ನಿಂತೈತೆ. ಆಟೋ ಹತ್ತಿ ವಾಪಸ್ ಬಂದೀನಿ."

"ಐ ಬೆಗ್ ಯುವರ್..." ಎಂದೆ.

"ಪಾರ್ಡನ್ನೂ ಬ್ಯಾಡ, ಗೀರ್ಡನ್ನೂ ಬ್ಯಾಡ. ನಾ ದಾರ್ಯಾಗ ಬಿದ್ದಿದ್ರೂ ನೀ ಮುಟ್ಟಿದಳು ಅಂತಿದ್ದೆಲ್ಲೇ!"

ನಗುತ್ತಲೇ ಅಂದಳು. ನನಗೆ ನಗಲಾಗಲಿಲ್ಲ. ನನ್ನ ಮರ್ಯಾದೆ ಉಳಿಸಿಕೊಳ್ಳಲು ಇಷ್ಟು ದಿನ ಪಣಕ್ಕಿಟ್ಟದ್ದು ಅವಳನ್ನು. "ಬಲಗಿವಿ ಕೇಳಿಸಲ್ಲ ಅಕ್ಕಾ, ಎಡಗಿವಿ ಅರೆಬರೆ," ಎಂದುಬಿಟ್ಟೆ.

ಅಷ್ಟರಲ್ಲಿ ಇಳಿದು ಬಂದಿದ್ದ ಸುಮಾ ಫೋನಿನ ಚಕ್ರವನ್ನು ಕೊನೆಮುಟ್ಟ ತಿರುಗಿಸಿದಳು. ನನ್ನನ್ನು ಮಹಡಿಗೆ ಕರೆದೊಯ್ದು, ನಾನು ಹಾಡು ಕೇಳುವ ಕಂಪ್ಯೂಟರಿನ ಕಂಟ್ರೋಲ್ ಪ್ಯಾನೆಲ್ ತೆರೆದಳು. ಅಲ್ಲೊಂದು ವೀಲ್‌ಚೇರಿನ ಚಿತ್ರ.

"ನನ್ನ ಕಾಲು ಗಟ್ಟಿ ಇದೆಯಮ್ಮ."

"ಸುಮ್ನಿರ್ರಿ ಅತ್ತೆ, ಕಾಲಿಗೂ ಕಿವಿಗೂ ಇರೋದು ಒಂದೇ ಚಿತ್ರ."

ಅದನ್ನು ಒತ್ತಿ, ಒಳಗೆ ಎಲ್ಲೋ ಒಂದು ಟಿಕ್ ಹಾಕಿದಳು. ಕಂಪ್ಯೂಟರ್ ಬೀಪ್ ಎಂದಾಗ ಈಗ ಪರದೆಯೂ ಮಿನುಗುತ್ತದೆ. ಒಂದು ಹಾಡು ಹಾಕಿ, ಬ್ಯಾಲೆನ್ಸ್ ಎಂಬ ಗೆರೆಯ ಮೇಲಿನ ಗುಂಡಿಯನ್ನು ಪೂರ್ತಿ ಎಡಕ್ಕೆ ಎಳೆದಳು. ಹಾಡು ಎಡದ ಸ್ಪೀಕರಿಗೆ ಹೊರಳಿತು. ಈ ಕಡೆ ವಾಲು ಎಂದರೆ ಆ ಯಂತ್ರಕ್ಕೆ ಏನೂ ಸಂಕೋಚವಿಲ್ಲ. ಈ ಕಡೆ ವಾಲಿ ಎಂದು ಮನೆಮಂದಿಗೆ ಹೇಳುವುದಕ್ಕೆ ನನಗೆ ಒಂದು ವರ್ಷ ಬೇಕಾಯಿತು.

ಮರುದಿನ ಬೆಳಿಗ್ಗೆ ಅಕ್ಕ ಹೊರಟಳು, ಹೊಸ ಕರಾರಿನೊಂದಿಗೆ: ನಾನು ಎತ್ತುವವರೆಗೆ ರಿಂಗ್ ನಿಲ್ಲಿಸಬಾರದು. ಮುಕ್ಕಾಲು ಗಂಟೆಯ ಬಳಿಕ ಫೋನು ಬೀದಿಗೆಲ್ಲ ಕೇಳುವಂತೆ ಅರಚಿತು, ನನಗೂ ಕೇಳಿಸಿತು. ಓಡಿಹೋಗಿ ಎತ್ತಿ, ಹಳೇ ಅಭ್ಯಾಸದಂತೆ ಬಲಗಿವಿಗೆ ಹಿಡಿದೆ. ನಿಶ್ಶಬ್ದ. ಎಡಕ್ಕೆ ಬದಲಾಯಿಸಿದೆ. ಆ ಕಡೆ ಅಕ್ಕ ಎಷ್ಟನೆಯ ಸಲವೋ ಕೂಗುತ್ತಿದ್ದಳು:

"...ಎಡಗಿವಿಗೆ ಇಡೇ, ಎಡಗಿವಿಗೆ! ಮುಟ್ಟೀನಿ!"