ಹೊಲಿಗೆಯಕ್ಕನ ಆರದ ಕಂಪ್ಯೂಟರು

ಹೊಲಿಗೆಯಕ್ಕನನ್ನು ಹೆಸರು ಹಿಡಿದು ಕರೆದವರು ಯಾರೂ ಇಲ್ಲ, ಕಟ್ಟಿಕೊಂಡ ಗಂಡನೂ ಹಾಗೆ ಕರೆದದ್ದಿಲ್ಲ. ಅಂಗಡಿಯ ಬಟ್ಟೆ ಯಾರ ಮೈಗೆ ಒಗ್ಗುವುದಿಲ್ಲವೋ ಅಂಥವರಿಗೆಲ್ಲ ಅವಳೇ ಗತಿ. ಒಂದು ತೋಳು ಗಿಡ್ಡವಿರುವವರು, ಗಾಲಿಕುರ್ಚಿಯಲ್ಲೇ ಕೂತು ಬೆಳೆಯುವ ಮಕ್ಕಳು, ಆಪರೇಷನ್ ಆದ ಮೇಲೆ ಸೊಂಟಕ್ಕೆ ಏನನ್ನೂ ಬಿಗಿಯಲಾಗದವರು. ಅವರ ಮೈಯ ಕೊಂಕನ್ನೆಲ್ಲ ಅವಳು ಟೇಪಿನಲ್ಲಿ ಹಿಡಿದಳೇ ಹೊರತು ಒಂದು ದಿನವೂ ಬಾಯಲ್ಲಿ ಆಡಿದವಳಲ್ಲ. ಅಂಥ ನಾಲಿಗೆ ಎಲ್ಲರಿಗೂ ಇರುವುದಿಲ್ಲ, ಬಿಡಿ.

ಅಳತೆಗಳೆಲ್ಲ ಮೊದಲು ಚೀಟಿಯಲ್ಲಿದ್ದವು. ಚೀಟಿ ಎಂದರೆ ಗೊತ್ತಲ್ಲ, ಕಿಟಕಿಯಿಂದ ಒಂದು ಹಾರಿಹೋಗುತ್ತದೆ, ಇನ್ನೊಂದರಲ್ಲಿ ಗಂಡ ಕಡಲೆಕಾಯಿ ಸಿಪ್ಪೆ ಹಾಕುತ್ತಾನೆ. ಅದಕ್ಕೇ ಮಗಳು ತನ್ನ ಹಳೆಯ ಕಂಪ್ಯೂಟರನ್ನು ಹೊಲಿಗೆ ಯಂತ್ರದ ಪಕ್ಕಕ್ಕೆ ತಂದಿಟ್ಟು, ಒಬ್ಬೊಬ್ಬರ ಅಳತೆಗೂ ಒಂದೊಂದು ಪುಟ ಮಾಡಿಕೊಟ್ಟಳು. ಅಮ್ಮ ಅಳತೆ ಕೂಗುವುದು, ಮಗಳು ಒತ್ತುವುದು. ಆರು ತಿಂಗಳ ಹಿಂದೆ ಮಗಳಿಗೆ ಅವಳಿ ಮಕ್ಕಳಾದವು. ಒಂದು ಮಲಗಿದರೆ ಇನ್ನೊಂದು ಏಳುತ್ತದೆ, ತಾಯಿಗೆ ತಲೆ ಬಾಚಲೂ ಪುರುಸೊತ್ತಿಲ್ಲ. ಅವಳಿಗೇಕೆ ತೊಂದರೆ ಎಂದು ಹೊಲಿಗೆಯಕ್ಕ ತಾನೇ ಒತ್ತಲು ಶುರುಮಾಡಿದಳು.

ಆಗಿನಿಂದ ಎರಡು ಕಾಟ ಹತ್ತಿಕೊಂಡವು. ಒಂದು, ಕಂಪ್ಯೂಟರು ಆರುತ್ತಿರಲಿಲ್ಲ. ಎಷ್ಟು ಸಲ ಶಟ್‌ಡೌನ್ ಒತ್ತಿದರೂ ಗುಂಯ್ ಎನ್ನುತ್ತಾ ಕೂತಿರುತ್ತಿತ್ತು. ಗಂಡ ಬಸ್ ಡ್ರೈವರು. ಡ್ಯೂಟಿ ಮುಗಿಸಿ ಬಂದವನೇ, "ಇನ್ನೂ ಆರಿಲ್ವಾ ಇದು?" ಎಂದು ಪ್ಲಗ್ ಕಿತ್ತುಬಿಡುತ್ತಿದ್ದ. ಇನ್ನೊಂದು ಕಾಟವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕೈ ತಪ್ಪತೊಡಗಿತ್ತು. ಪೋಸ್ಟ್‌ಮ್ಯಾನ್ ಪ್ಯಾಂಟು ಹೊಟ್ಟೆಯ ಮೇಲೆ ಏರಲೇ ಇಲ್ಲ. ಗಾಲಿಕುರ್ಚಿಯ ಹುಡುಗಿಯ ಅಂಗಿಯ ತೋಳು ಮಣಿಕಟ್ಟಿಗೂ ಮುಟ್ಟಲಿಲ್ಲ. ಮೂವತ್ತು ವರ್ಷ ಒಂದು ದಾರ ಅತ್ತಿತ್ತ ಆಗದ ಕೈ! ವಯಸ್ಸಾಯಿತು, ತಲೆಯೂ ಹೋಗುತ್ತಿದೆ ಎಂದುಕೊಂಡಳು. ಲೈಬ್ರರಿ ಮೇಡಂ ಅವರ ಕೋಟೊಂದನ್ನು ಮುಗಿಸಿ ಕತ್ತರಿಯನ್ನು ಪೆಟ್ಟಿಗೆಗೆ ಹಾಕಿಬಿಡುವುದು ಎಂದು ಒಳಗೊಳಗೇ ತೀರ್ಮಾನ ಮಾಡಿದ್ದಳು.

ಲೈಬ್ರರಿ ಮೇಡಂ ಬೆನ್ನು ಹುಟ್ಟಿನಿಂದಲೇ ಬಾಗಿದ್ದು, ಈಚೆಗೆ ಇನ್ನಷ್ಟು ಬಾಗಿತ್ತು. ನಿಂತು ಅಳತೆ ಕೊಡುವುದೆಂದರೆ ಅವರಿಗೆ ಶಿಕ್ಷೆ. ಆ ಮಧ್ಯಾಹ್ನ ಗೋಡೆ ಹಿಡಿದು ನಿಂತು, ಕೂತು, ಮತ್ತೆ ನಿಂತು, ಮೂರು ಗಂಟೆ ಹೊತ್ತು ಅಳತೆ ಕೊಟ್ಟರು. ಹೊರಡುವಾಗ, "ಅಕ್ಕಾ, ಇನ್ನೊಂದ್ಸಲ ಮಾತ್ರ ನಿಲ್ಲಿಸ್ಬೇಡಿ" ಎಂದರು. ಆ ಮಾತು ಹೊಲಿಗೆಯಕ್ಕನ ಎದೆಯಲ್ಲಿ ಕೂತುಬಿಟ್ಟಿತು. ಆ ಅಳತೆಯನ್ನೆಲ್ಲ ಒತ್ತಿ ಮುಗಿಸಿ, ಇವತ್ತಾದರೂ ಈ ಕಂಪ್ಯೂಟರು ನೆಟ್ಟಗೆ ಆರಲಿ ಎಂದು ಮಹಡಿ ಹತ್ತಿ ಮಗ್ಗದಣ್ಣನನ್ನು ಕರೆತಂದಳು.

ಮಗ್ಗದಣ್ಣ ಬಟ್ಟೆ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದವನು. ಕೊನೆಯ ಹತ್ತು ವರ್ಷ ಆ ಮಗ್ಗಗಳನ್ನೂ ಕಂಪ್ಯೂಟರೇ ಓಡಿಸುತ್ತಿದ್ದುದರಿಂದ ಅದೂ ಅವನಿಗೆ ಕರಗತ. ಅವನದೊಂದು ಪದ್ಧತಿ. ಇನ್ನೊಬ್ಬರ ಯಂತ್ರವನ್ನು ಮೊದಲು ಮುಟ್ಟುವವನಲ್ಲ. ನೇಯುವವಳ ಬೆನ್ನ ಹಿಂದೆ ಕೈಕಟ್ಟಿ ನಿಂತು, ಅವಳ ಕೈಯನ್ನೇ ನೋಡುತ್ತಿದ್ದನಂತೆ.

"ಯಾವಾಗಿಂದ ಹೀಗೆ?"

"ಮೊಮ್ಮಕ್ಕಳು ಹುಟ್ಟಿದಾಗಿಂದ ಅಣ್ಣ."

"ಪಾಪ, ಅವೇನು ಮಾಡಿದ್ವು? ದಿನಾ ಹೇಗೆ ಆರಿಸ್ತೀಯೋ ಹಾಗೇ ಆರಿಸು, ನೋಡೋಣ."

ಅವಳು ಒತ್ತಿದಳು. ಪರದೆಯ ಮೇಲೆ ಏನೋ ಬಂತು, ಕಣ್ಣು ಮಿಟುಕಿಸುವುದರೊಳಗೆ ಹೋಯಿತು. ಕಂಪ್ಯೂಟರು ಗುಂಯ್ ಎನ್ನುತ್ತಲೇ ಇತ್ತು.

"ಏನೋ ಬಂತಲ್ಲ ಈಗ?"

"ಅದಾ? ಅದು ದಿನಾ ಬರುತ್ತೆ. ನಾನು ಕಳಿಸಿಬಿಡ್ತೀನಿ."

"ಅದೇನು ಪಕ್ಕದ ಮನೆ ಬೆಕ್ಕಾ ಕಳಿಸೋಕೆ! ಇನ್ನೊಂದ್ಸಲ ಒತ್ತು. ಈ ಸಲ ಕಳಿಸ್ಬೇಡ."

ಅಷ್ಟರಲ್ಲಿ ಡ್ರೈವರು ಬಂದ. ಚಪ್ಪಲಿ ಬಿಟ್ಟವನು ಅಭ್ಯಾಸದ ಮೇಲೆ ನೇರ ಪ್ಲಗ್ಗಿಗೇ ಕೈ ಹಾಕಿದ.

"ಕೈ ತೆಗಿಯೋ!" ಮಗ್ಗದಣ್ಣ ಕೂಗಿದ ಕೂಗಿಗೆ ಡ್ರೈವರು ಬ್ರೇಕ್ ಹೊಡೆದ ಹಾಗೆ ನಿಂತ.

ಪರದೆ ಕೇಳುತ್ತಿದ್ದುದು ಇಷ್ಟೇ. ಈ ಪುಟದಲ್ಲಿ ಬದಲಾಯಿಸಿದ್ದನ್ನು ಸೇವ್ ಮಾಡಲೇ, ಬೇಡವೇ, ಇಲ್ಲಾ ಕ್ಯಾನ್ಸಲ್ಲೇ?

"ನೀನು ಯಾವುದು ಒತ್ತೋದು?"

"ಕ್ಯಾನ್ಸಲ್ಲು. ಇನ್ನೇನ್ ಮಾಡ್ಲಿ ಅಣ್ಣ? ಸೇವ್ ಅಂದ್ರೆ ಹಳೇ ಅಳತೆ ಮೇಲೆ ಹೊಸದು ಕೂತ್ಕೊಳುತ್ತೆ, ಹಳೇದು ಹೋಯ್ತು. ಬೇಡ ಅಂದ್ರೆ ಹೊಸದು ಹೋಯ್ತು. ನಮ್ಮ ಕೆಲಸದಲ್ಲಿ ಬಟ್ಟೆಗೂ ಮೊದಲು ಅಳತೆಗೆ ಕಾಗದ ಕತ್ತರಿಸ್ತೀವಲ್ಲ, ಆ ಹಳೇ ಕಾಗದದ ಮೇಲೆ ಕತ್ತರಿ ಆಡಿಸೋದಿಲ್ಲ. ಹೊಸ ಅಳತೆಗೆ ಹೊಸ ಕಾಗದ. ಅದಕ್ಕೇ ಎರಡೂ ಬೇಡ ಅಂತ ಮೂರನೇದು."

ಮಗ್ಗದಣ್ಣ ನಗಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. "ಮೂರನೇದು ಅಂದ್ರೆ ಆರಿಸೋ ಮಾತೇ ಬೇಡ ಅಂತ ಕಣಮ್ಮ. ಪಾಪ, ಅದು ನಿನ್ನ ಮಾತು ಕೇಳ್ಕೊಂಡೇ ಕೂತಿದೆ. ನೀನು ಅದನ್ನ ಬೈತಾ ಇದ್ದೀಯ."

ಆಮೇಲೆ, ಹಳೆಯದನ್ನು ಹಾಗೇ ಇಟ್ಟು ಹೊಸದನ್ನು ಬೇರೆ ಹೆಸರಿನಲ್ಲಿ ಉಳಿಸುವುದು ಹೇಗೆಂದು ತೋರಿಸಿದ. ಹೊಸ ಅಳತೆಗೆ ಹೊಸ ಕಾಗದ ಇಲ್ಲಿಯೂ ಉಂಟು ಎಂದು ತಿಳಿದಾಗ ಅವಳ ಮುಖ ನೋಡಬೇಕಿತ್ತು. ಲೈಬ್ರರಿ ಮೇಡಂ ಅಳತೆಗೆ ಆ ದಿನದ ತಾರೀಖನ್ನೇ ಸೇರಿಸಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಉಳಿಸಿದಳು.

ಏನೋ ಹೊಳೆದಂತಾಗಿ ಪೋಸ್ಟ್‌ಮ್ಯಾನ್ ಪುಟ ತೆರೆದಳು. ಸೊಂಟ ಮೂವತ್ತೆಂಟು ಎಂದಿತ್ತು.

"ನಲವತ್ತೊಂದು ಅಂತ ಹಾಕಿದ್ದೆ ಅಣ್ಣ. ಈ ಕೈಯಲ್ಲೇ ಹಾಕಿದ್ದೆ."

"ಹಾಕಿರ್ತೀಯ. ಉಳಿಸಿರ್ಲಿಲ್ಲ. ಪ್ಲಗ್ ಕಿತ್ತಾಗ ಹೋಯ್ತು. ಮಾರನೇ ದಿನ ನಿನ್ನ ಮಗಳು ಹಾಕಿದ್ದ ಹಳೇದನ್ನೇ ನೋಡಿ ಕತ್ತರಿಸಿದ್ದೀಯ."

"ಹಾಗಾದ್ರೆ ನನ್ನ ಕೈ…"

"ನಿನ್ನ ಕೈಗೇನು ದಾಡಿ? ಅದು ಸರಿಯಾಗೇ ಇದೆ."

ಹೊಲಿಗೆಯಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆರು ತಿಂಗಳಿಂದ ನುಂಗಿಕೊಂಡದ್ದೆಲ್ಲ ಆಗಲೇ ಹೊರಬಿತ್ತು, ಕತ್ತರಿ ಪೆಟ್ಟಿಗೆಗೆ ಹಾಕುವ ತೀರ್ಮಾನವೂ. ಡ್ರೈವರಿಗೆ ಅದೊಂದೂ ಗೊತ್ತಿರಲಿಲ್ಲ.

"ಒಂದ್ಮಾತು ಹೇಳ್ಬಾರ್ದಿತ್ತಾ? ದಿನಾ ಕಿತ್ತಿದ್ದು ನಾನು. ತಪ್ಪಿದ್ದು ನನ್ನ ಕೈ, ನಿಂದಲ್ಲ."

"ಕಿತ್ತಿದ್ದು ನೀವು, ಕೀಳೋ ಹಾಗೆ ಮಾಡಿದ್ದು ನಾನು. ಸುಮ್ನಿರಿ" ಎಂದು ಅಳುತ್ತಲೇ ನಕ್ಕಳು. ಆಮೇಲೆ ಶಟ್‌ಡೌನ್ ಒತ್ತಿದಳು. ಫ್ಯಾನಿನ ಸದ್ದು ಇಳಿಯಿತು, ಪರದೆ ಕಪ್ಪಾಯಿತು. ಗೋಡೆಯಾಚೆ ಯಾರೋ ಪಾತ್ರೆ ತೊಳೆಯುವ ಸದ್ದು ಕೂಡ ಕೇಳುವಷ್ಟು ನಿಶ್ಶಬ್ದ.

ಮರುದಿನ ಅವಳೇ ಮನೆಮನೆಗೆ ಹೋಗಿ, ಮತ್ತೆ ಅಳತೆ ತೆಗೆದು, ತಪ್ಪಾದ ಬಟ್ಟೆಗಳನ್ನು ವಾಪಸ್ ತಂದು ಒಂದೊಂದಾಗಿ ಬಿಚ್ಚಿ ಹೊಲಿದಳು. ಪೋಸ್ಟ್‌ಮ್ಯಾನ್ ಮಾತ್ರ, "ಆ ಪ್ಯಾಂಟಿನ ದೆಸೆಯಿಂದ ರಾತ್ರಿ ಊಟ ಬಿಟ್ಟಿದ್ದೆ, ಈಗ ಶುರು ಮಾಡ್ಬಹುದಾ?" ಎಂದ. ಕೋಟು ಮುಗಿಯಲು ಎರಡು ವಾರ ಹಿಡಿಯಿತು. ಲೈಬ್ರರಿ ಮೇಡಂ ಅವರನ್ನು ಮತ್ತೆ ನಿಲ್ಲಿಸಲಿಲ್ಲ.

ಕೊಟ್ಟು ನಾಲ್ಕು ದಿನವಾದ ಮೇಲೆ, ತಡೆಯಲಾರದೆ ಲೈಬ್ರರಿಗೇ ಹೋದಳು. ಮೇಡಂ ಕೈ ಎತ್ತಿ ಮೇಲಿನ ಸಾಲಿಗೆ ಪುಸ್ತಕ ಸೇರಿಸುತ್ತಿದ್ದರು. ಕೋಟು ಬೆನ್ನಿನ ಮೇಲೆ ಎಲ್ಲೂ ಜಗ್ಗಿರಲಿಲ್ಲ.

"ಕೋಟು ಹೇಗಿದೆ ಮೇಡಂ?"

"ಯಾವ ಕೋಟು?" ಎಂದು ತಿರುಗಿದ ಅವರು ತಮ್ಮ ಮೈಯನ್ನೇ ನೋಡಿಕೊಂಡರು. "ಅಯ್ಯೋ! ಹಾಕ್ಕೊಂಡಿದ್ದೀನಿ ಅನ್ನೋದೇ ಮರೆತುಹೋಗಿತ್ತು ಅಕ್ಕಾ!"

ಹೊಲಿಗೆಯಕ್ಕ ಮನೆಗೆ ಬಂದವಳು ಒಳಗೂ ಹೋಗದೆ ನೇರ ಮಹಡಿ ಹತ್ತಿದಳು. ಮಗ್ಗದಣ್ಣ ಬಾಗಿಲು ತೆಗೆದು, "ಮತ್ತೆ ಥ್ಯಾಂಕ್ಸ್ ಹೇಳೋಕೆ ಬಂದ್ಯಾ? ಈ ವಾರದಲ್ಲಿ ಇದು ಐದನೇದು ಕಣಮ್ಮ, ಸಾಕು" ಎಂದ.

"ನಿಮಗೆ ಸಾಕಾಗಿರಬಹುದು ಅಣ್ಣ, ನನಗೆ ಸಾಕಾಗಿಲ್ಲ" ಎಂದು ಅವಳು ಹೊಸ್ತಿಲ ಮೇಲೇ ಕೂತು, ಕೋಟಿನ ಕಥೆ ಹೇಳತೊಡಗಿದಳು.