ಸೀಟಿ ಊದಿದ ಅಳಿಯಂದಿರು

ತೊಂಬತ್ತರ ದಶಕದ ನಂಜನಗೂಡಿನಲ್ಲಿ ನಮ್ಮ ದಿನವೆಂದರೆ ಬೆಳಗ್ಗೆ ಕಪಿಲೆಯಲ್ಲಿ ಮಿಂದು, ತಂದೆಯವರೆದುರು ಕುಳಿತು ಸಂಸ್ಕೃತದ ಶಬ್ದರೂಪಗಳನ್ನು ಒಪ್ಪಿಸಿ, ಸಂಜೆಗಾಗಿ ಕಾಯುವುದು. ಸಂಜೆ ಶಾಲೆಯ ಸಿಮೆಂಟು ಅಂಗಳದಲ್ಲಿ ಬ್ಯಾಸ್ಕೆಟ್‌ಬಾಲ್. ಕಾದ ನೆಲಕ್ಕೆ ನೀರು ಚಿಮುಕಿಸಿದಾಗ ಏಳುತ್ತಿದ್ದ ಆವಿಯ ವಾಸನೆ ಇಂದಿಗೂ ನನ್ನ ಮೂಗಿನಲ್ಲಿದೆ.

ಆ ಬೇಸಿಗೆ ನಮ್ಮೂರಿನ ಮತ್ತು ನರಸೀಪುರದ ಹುಡುಗರ ತಂಡಗಳು ಸೇರಿ ಒಂದು ಲೀಗ್ ನಡೆಯುತ್ತಿತ್ತು. ನಡೆಸುತ್ತಿದ್ದವರು ವ್ಯಾಯಾಮದ ಮೇಷ್ಟ್ರಾಗಿದ್ದ ನನ್ನ ಚಿಕ್ಕಪ್ಪ. ಆಡುವವರಿಗೆ ಕೊರತೆಯಿರಲಿಲ್ಲ, ರೆಫರಿಯಾಗಿ ನಿಲ್ಲುವವರೇ ಇರಲಿಲ್ಲ. ಒಪ್ಪಿಕೊಂಡು ಬಂದ ಕಳಲೆಯ ಮೇಷ್ಟ್ರೊಬ್ಬರ ತೀರ್ಪಿಗೆ ಸಿಟ್ಟಾಗಿ ನಮ್ಮೂರಿನವರು ಅವರ ಸೈಕಲ್ಲಿನ ಗಾಳಿ ಬಿಟ್ಟು, ಅವರನ್ನು ಕಳಲೆಯವರೆಗೂ ನಡೆಸಿ ಕಳುಹಿಸಿದ ಮೇಲೆ ಯಾರೂ ಇತ್ತ ತಲೆಹಾಕಲಿಲ್ಲ.

ಒಂದು ದಿನ ಚಿಕ್ಕಪ್ಪ ತಂದೆಯವರ ಬಳಿ ಬಂದು ಕುಳಿತರು. "ಅಣ್ಣ, ನಮ್ಮೂರೋರು ಯಾರಿಗೆ ಬೇಕಾದ್ರೂ ಬೈತಾರೆ. ಊರ ಅಳಿಯನಿಗೆ ಬೈತಾರಾ?"

ತಂದೆಯವರು ನಕ್ಕುಬಿಟ್ಟರು. ಉಪಾಯ ಇಷ್ಟೇ: ನಮ್ಮೂರಿನ ಪಂದ್ಯಕ್ಕೆ ಇಲ್ಲಿಯ ಹೆಣ್ಣನ್ನು ಮದುವೆಯಾದ ನರಸೀಪುರದವರು ರೆಫರಿ; ಅಲ್ಲಿಯ ಪಂದ್ಯಕ್ಕೆ ಅಲ್ಲಿಂದ ಹೆಣ್ಣು ತಂದ ನಮ್ಮವರು. ಹೊರಗಿನಿಂದ ಬಂದ ತಂಡಕ್ಕೆ ರೆಫರಿ ತಮ್ಮೂರಿನವನೆಂಬ ನೆಮ್ಮದಿ, ಆತಿಥೇಯರಿಗೆ ಅಳಿಯನೆಂಬ ದಾಕ್ಷಿಣ್ಯ. ಚಿಕ್ಕಪ್ಪ ವೀಳ್ಯದೆಲೆ, ತೆಂಗಿನಕಾಯಿ ಹಿಡಿದು ಮನೆಮನೆಗೆ ಹೋಗಿ, ಶುಭಕಾರ್ಯಕ್ಕೆ ಕರೆಯುವಂತೆಯೇ ಅಳಿಯಂದಿರನ್ನು ಕರೆದರು. ಭಾನುವಾರಗಳಂದು ಅವರಿಗೆ ನಿಯಮಗಳನ್ನು ಕಲಿಸಿದರು. ಮೊದಲು ಒಪ್ಪಿದವರು ನರಸೀಪುರದಲ್ಲಿದ್ದ ನನ್ನ ಅಕ್ಕನ ಯಜಮಾನರು.

ಭಾವನವರು ಸೀಟಿ ಹಿಡಿದು ಬಂದ ದಿನ ನಮ್ಮ ಮನೆಯಲ್ಲಿ ಒಬ್ಬಟ್ಟು. ಅಕ್ಕ ಮಗುವನ್ನೆತ್ತಿಕೊಂಡು ಬರುತ್ತಿದ್ದಳು. ಮನೆ ತುಪ್ಪದ ಪರಿಮಳದಿಂದ ತುಂಬುತ್ತಿತ್ತು. ಅಂಗಳದ ಸುತ್ತ ನಿಂತವರ ನಾಲಿಗೆ ತುರಿಸಿದರೂ ಬೈಗುಳ ಹೊರಡುತ್ತಿರಲಿಲ್ಲ.

"ಭಾವಾ, ಒಸಿ ಈ ಕಡೀಕೂ ಕಣ್ಣಾಕಿ ಸಾ!"

"ನಮ್ಮಕ್ಕನ್ನ ಚೆನ್ನಾಗಿ ನೋಡಿ ಆರಿಸ್ಕಂಡ್ರಿ, ಫೌಲ್ ಮಾತ್ರ ಕಾಣಲ್ವಾ?"

"ನಿಮ್ಮಕ್ಕ ಫೌಲ್ ಮಾಡಿದ್ರೂ ಊದ್ತೀನಿ ಕಣಯ್ಯಾ, ಆಡು!" ಎಂದು ಭಾವನವರು ನಗಿಸುತ್ತಿದ್ದರು.

ಕೊನೆಯ ಪಂದ್ಯ ನಮ್ಮ ಅಂಗಳದಲ್ಲೇ ಬಿತ್ತು. ಆಟ ಮುಗಿಯುವ ಹೊತ್ತಿಗೆ ನಾವು ಒಂದು ಅಂಕ ಹಿಂದೆ. ನಾನು ದಾಟಿಸಿದ ಚೆಂಡನ್ನು ನಮ್ಮ ನಾಯಕ ಶಿವಣ್ಣ ಹಿಡಿದು, ನುಗ್ಗಿ, ಬುಟ್ಟಿಗೆ ಹಾಕಿದ. ಊರೇ ಹುಯ್ಯೆಂದಿತು. ಅದರ ನಡುವೆ ಸೀಟಿ ಕೇಳಿಸಿತು. ಚೆಂಡನ್ನು ಪುಟಿಸದೆ ಓಡಿದ್ದಾನೆ, ಅಂಕವಿಲ್ಲ ಎಂದರು ಭಾವನವರು. ಅದು ನಿಜವೆಂಬುದು ಶಿವಣ್ಣನಿಗೂ ಗೊತ್ತಿತ್ತು. ಅವನು ಸುಮ್ಮನೆ ಚೆಂಡು ಕೊಟ್ಟುಬಿಟ್ಟ.

ಕೂಗಿದವರು ಅವನ ತಂದೆ, ಅಕ್ಕಿ ಗಿರಣಿಯ ಯಜಮಾನರು. "ಯಾರ ಮನೆ ಒಬ್ಬಟ್ಟು ತಿಂದು ಯಾರ್ಗೆ ಊದ್ತಿದ್ದೀಯಲಾ ಪೀಪಿ? ನಿನ್ನಂಥೋನ್ಗೆ ಎಣ್ಣು ಕೊಟ್ಟೋರ್ಗೆ ಬುದ್ಧಿ ಇಲ್ಲ ಕಣ್ಲಾ!"

ಭಾವನವರು ಅವರತ್ತ ನೋಡಲಿಲ್ಲ. ಗೆರೆಯಾಚೆ ಶಾಲು ಹೊದ್ದು ನಿಂತಿದ್ದ ನನ್ನ ತಂದೆಯವರನ್ನು ನೋಡಿದರು. ತಂದೆಯವರು ಒಂದು ಮಾತು ಆಡಿದರೆ ಊರು ಕೇಳುತ್ತಿತ್ತು. ಅವರು ನೆಲ ನೋಡುತ್ತ ನಿಂತರು.

ಉಳಿದ ಆಟ ಮುಗಿಸಿ, ಸೀಟಿಯನ್ನು ಚಿಕ್ಕಪ್ಪನ ಕೈಗಿತ್ತು, ಭಾವನವರು ನೇರವಾಗಿ ಬಸ್ ನಿಲ್ದಾಣಕ್ಕೆ ನಡೆದರು. ಮನೆಯಲ್ಲಿ ಸುದ್ದಿ ಕೇಳಿದ ಅಕ್ಕನ ಪ್ರಶ್ನೆ ಒಂದೇ: "ಅಪ್ಪ ಏನಂದ್ರು?"

"ಏನೂ ಅನ್ನಲಿಲ್ಲಮ್ಮ" ಎಂದರು ಚಿಕ್ಕಪ್ಪ.

ಅವಳು ಕಾವಲಿಯನ್ನು ಒಲೆಯಿಂದಿಳಿಸಿ, ಮಗುವನ್ನೆತ್ತಿಕೊಂಡು ಹೊರಟಳು.

ಮರುವರ್ಷ ಚಿಕ್ಕಪ್ಪ ಮತ್ತೆ ತೆಂಗಿನಕಾಯಿ ಹಿಡಿದು ನರಸೀಪುರಕ್ಕೆ ಹೋದಾಗ ನಾನೂ ಜೊತೆಗಿದ್ದೆ. ಭಾವನವರು ಆದರದಿಂದ ಕಾಫಿ ಕೊಡಿಸಿದರು. "ಕೂಗ್ದೋರ ಮೇಲೆ ಕೋಪ ಇಲ್ಲ, ಚಿಕ್ಕಮಾವ. ಆಟದಲ್ಲಿ ಕೂಗ್ತಾರೆ. ಮಾವನೋರು ಸುಮ್ನಿದ್ರಲ್ಲ." ಉಳಿದ ಮನೆಗಳಲ್ಲಿ ನಮ್ಮೂರಿನ ಹೆಣ್ಣುಮಕ್ಕಳೇ ಬಾಗಿಲಿಗೆ ಬಂದರು. "ಬೈಸೋಕೆ ಕರ್ಕೊಂಡೋಗ್ತೀರಾ ಮೇಷ್ಟ್ರೇ ನಮ್ಮ ಯಜಮಾನ್ರನ್ನ?" ಎಂದಳೊಬ್ಬಳು. ಲೀಗ್ ಅಲ್ಲಿಗೆ ನಿಂತಿತು.

ಈಗ ಮೈಸೂರಿನಿಂದ ರೆಫರಿಗಳು ಬರುತ್ತಾರೆ. ಬೈಸಿಕೊಂಡು ಬಸ್ಸು ಹತ್ತುತ್ತಾರೆ. ಅವರಿಗಾಗಿ ಯಾರ ಮನೆಯ ಒಲೆಯೂ ಉರಿಯುವುದಿಲ್ಲ. ಆ ಮಾತೊಂದನ್ನೇಕೆ ಆಡಲಿಲ್ಲವೆಂದು ತಂದೆಯವರು ಎಂದೂ ಹೇಳಲಿಲ್ಲ. ಅಕ್ಕ ತವರಿಗೆ ಬರಲಿಲ್ಲ, ಇವರು ಕರೆಯಲು ಹೋಗಲಿಲ್ಲ. ಹಲವು ವರ್ಷಗಳ ಮೇಲೆ ತಂದೆಯವರು ತೀರಿಕೊಂಡಾಗ ಅವರ ಅಸ್ಥಿಯನ್ನು ನರಸೀಪುರದ ಸಂಗಮಕ್ಕೆ ಒಯ್ದೆವು. ಭಾವನವರು ಮೆಟ್ಟಿಲ ಮೇಲೆ ಕಾಯುತ್ತಿದ್ದರು. ನನ್ನ ಕೈಯಲ್ಲಿದ್ದ ಕುಡಿಕೆಯನ್ನು ಬಹಳ ಹೊತ್ತು ನೋಡಿದರು. ಬಳಿಕ ಕೈಮುಗಿದು, ನಾವು ನೀರಿಗಿಳಿಯುವ ಮುನ್ನವೇ ಮನೆಯತ್ತ ಹೊರಟರು.