ಹಗುರ ಕೈಯ ದೊಡ್ಡ ಡಾಕ್ಟರಮ್ಮ

ಹೆರಿಗೆ ವೈದ್ಯಕೀಯದಲ್ಲಿ ಹೆಸರು ಮಾಡಿದವರಿಗೆ ಕೊರತೆಯಿಲ್ಲ. ಕೆಲವರು ಶಸ್ತ್ರಚಿಕಿತ್ಸೆಯ ಕೈಚಳಕದಿಂದ, ಕೆಲವರು ಸಮ್ಮೇಳನಗಳ ಭಾಷಣಗಳಿಂದ ದೊಡ್ಡವರಾದರೆ, ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ಈ ಅಭಿನಂದನ ಸಂಪುಟದ ಗೌರವಕ್ಕೆ ಪಾತ್ರರಾದ ದೊಡ್ಡ ಡಾಕ್ಟರಮ್ಮನವರು ಯಾವಾಗ ಕಾಯಬೇಕು, ಯಾವಾಗ ಕೈಹಾಕಬೇಕು ಎಂಬುದನ್ನು ಬಲ್ಲವರಾಗಿ ದೊಡ್ಡವರಾದರು. ಮಗುವಿನ ಸುತ್ತಲಿನ ನೀರು ಕಡಿಮೆಯಾಗಿದೆಯೆಂದು ಅಳುತ್ತ ಬಂದ ಅದೆಷ್ಟೋ ಗರ್ಭಿಣಿಯರು ಅವರ ಕೋಣೆಯಿಂದ ಕಣ್ಣೊರೆಸಿಕೊಂಡು ಹೊರಬಿದ್ದುದನ್ನು ಕಂಡವರು ಇದನ್ನು ಬರಿಯ ಹೊಗಳಿಕೆಯೆನ್ನಲಾರರು.

ಅವರು ನಮ್ಮ ಆಸ್ಪತ್ರೆಯಲ್ಲಿ ಸೇವೆಗೆ ಸೇರಿದಾಗ ಸ್ಕ್ಯಾನಿಂಗ್ ಕೋಣೆಯೆಂದರೆ ಮುರಿದ ಮಂಚಗಳನ್ನು ಪೇರಿಸಿಟ್ಟ ಉಗ್ರಾಣದ ಒಂದು ಮೂಲೆ. ಮಂಚಗಳನ್ನು ಸಾಗಹಾಕಿಸಿ, ಕಿಟಕಿಗೆ ಪರದೆ ಕಟ್ಟಿಸಿ, ಹೊಟ್ಟೆಗೆ ಹಚ್ಚುವ ಜೆಲ್ಲಿನ ಬಾಟಲಿಯನ್ನು ಬಿಸಿನೀರಿನ ಲೋಟದಲ್ಲಿ ಇಳಿಬಿಡುವ ಪದ್ಧತಿ ತಂದವರು ಅವರೇ. ತಣ್ಣನೆಯ ಜೆಲ್ ಹಚ್ಚಿದ ವಿದ್ಯಾರ್ಥಿಯ ಅಂಗೈಗೆ ಅದನ್ನೇ ಸುರಿದು, "ಹೇಗಿದೆ, ಖುಷಿಯಾಯ್ತಾ?" ಎಂದು ಕೇಳುತ್ತಿದ್ದರು. ಅವರ ನಾಲಿಗೆಗೆ ಸಿಕ್ಕಿದವರು ಅದನ್ನು ಜನ್ಮದಲ್ಲಿ ಮರೆತಿಲ್ಲ, ಅವರನ್ನು ಬಿಟ್ಟುಹೋಗಲೂ ಇಲ್ಲ.

ಅವರ ಉಪಕಾರಗಳನ್ನು ಬರೆಯುತ್ತ ಹೋದರೆ ಈ ಸಂಪುಟ ಸಾಲದು. ಒಂದನ್ನಂತೂ ಹೇಳಲೇಬೇಕು. ಅವರ ಕೈಕೆಳಗೆ ಕಲಿತು, ಅಲ್ಲೇ ಕೆಲಸಕ್ಕೆ ನಿಂತ ಕಿರಿಯ ವೈದ್ಯೆಯೊಬ್ಬಳಿದ್ದಳು. ಸಣಕಲು ಮೈಯವಳಾದ್ದರಿಂದ ಆಸ್ಪತ್ರೆಯವರೆಲ್ಲ ಅವಳನ್ನು ಕಡ್ಡಿ ಎಂದೇ ಕರೆಯುತ್ತಿದ್ದರು. ಕಡ್ಡಿಗೆ ಚೊಚ್ಚಲ ಬಸಿರು. ದಿನ ತುಂಬಲು ಇನ್ನೂ ಕೆಲವು ವಾರ ಇದ್ದಾಗ ಅವಳ ಗರ್ಭದಲ್ಲಿ ನೀರು ಕಡಿಮೆಯಿದೆಯೆಂದು ತಿಳಿಯಿತು. ನೀರು ಸೋರುತ್ತಿರಲಿಲ್ಲ, ರಕ್ತದೊತ್ತಡ ಸರಿಯಿತ್ತು, ಮಗುವಿನ ಬೆಳವಣಿಗೆಯೂ ನೆಟ್ಟಗಿತ್ತು. "ಚೆನ್ನಾಗಿ ನೀರು ಕುಡಿ, ಎಡಮಗ್ಗುಲಿಗೆ ಮಲಗು, ಮಗು ಒದೆಯೋದನ್ನ ಗಮನಿಸು, ಹೇಳಿದ ದಿನ ತಪ್ಪದೆ ಬಾ. ಕಾಯೋಣ," ಎಂದರು ಡಾಕ್ಟರಮ್ಮ. ಇದೇ ಮಾತನ್ನು ಕಡ್ಡಿ ಎಷ್ಟೋ ಜನರಿಗೆ ಹೇಳಿ ಕಳಿಸಿದ್ದಳು. ತನ್ನ ಹೊಟ್ಟೆಯ ವಿಷಯಕ್ಕೆ ಬಂದಾಗ ಮಾತ್ರ ಓದಿದ್ದೆಲ್ಲ ತಲೆಯಿಂದ ಹಾರಿಹೋಯಿತು.

ಅವಳ ಅತ್ತೆ ಜಗ್ಗಿನ ತುಂಬ ನೀರು ಹಿಡಿದು ಸೊಸೆಯ ಹಿಂದೆ ಸುತ್ತತೊಡಗಿದರು. ನೀರು ಕುಡಿಯುವುದು ಒಳ್ಳೆಯದೇ, ಆದರೆ ಈ ತಿಂಗಳುಗಳಲ್ಲಿ ಗರ್ಭದ ನೀರಿನ ಬಹುಪಾಲು ಮಗುವೇ ಮಾಡುವ ಮೂತ್ರ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದಾಗ ಅತ್ತೆಗೆ ನಗು ತಡೆಯಲಾಗಲಿಲ್ಲ. "ಅಯ್ಯೋ, ಒಳಗಿರುವಾಗಲೇ ಇಷ್ಟು ಜಿಪುಣತನವಾ? ಹಾಗಾದ್ರೆ ಮಗು ತಾತನ ಹಾಗೇ!" ಎಂದರು. ಪಕ್ಕದಲ್ಲಿ ಕುಳಿತಿದ್ದ ತಾತನವರು ಕಿಟಕಿಯ ಕಡೆ ನೋಡಿದರು.

ಕಡ್ಡಿ ನಗಲಿಲ್ಲ. ಬೆಳಿಗ್ಗೆ ಯಾರೂ ಬರುವ ಮುಂಚೆ, ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಸ್ಕ್ಯಾನಿಂಗ್ ಕೋಣೆಯ ಚಿಲಕ ಹಾಕಿಕೊಂಡು, ತನ್ನ ಹೊಟ್ಟೆಯ ಮೇಲೆ ತಾನೇ ಯಂತ್ರದ ಹಿಡಿಯನ್ನು ಇಟ್ಟುಕೊಂಡು ನೀರನ್ನು ಅಳೆಯತೊಡಗಿದಳು. ಅಳತೆ ದಿನದಿಂದ ದಿನಕ್ಕೆ ಇಳಿಯುತ್ತಲೇ ಹೋಯಿತು. ಕೊನೆಗೆ ಒಂದು ದಿನ ತಡೆಯಲಾರದೆ ಡಾಕ್ಟರಮ್ಮನ ಮುಂದೆ ಬಂದು ನಿಂತಳು. "ಮೇಡಂ, ಬೆಳಿಗ್ಗೆಗಿಂತ ಈಗ ಇನ್ನೂ ಕಮ್ಮಿಯಾಗಿದೆ. ಇವತ್ತೇ ಆಪರೇಷನ್ ಮಾಡಿ ಮಗು ತೆಗೆದುಬಿಡಿ."

"ಬೆಳಿಗ್ಗೆಗಿಂತ ಕಮ್ಮಿ ಅಂತ ನಿನಗೆ ಹೇಳಿದ್ದು ಯಾರು?"

ಕಡ್ಡಿಯ ಕಣ್ಣು ಸ್ಕ್ಯಾನಿಂಗ್ ಕೋಣೆಯ ಕಡೆ ಹೋಯಿತು. "ಜೆಲ್ ಬಾಟಲಿ ಯಾಕೆ ಇಷ್ಟು ಬೇಗ ಖಾಲಿಯಾಗ್ತಿದೆ ಅಂತ ಈಗ ಗೊತ್ತಾಯ್ತು ಬಿಡಿ," ಎಂದರು ಪಕ್ಕದಲ್ಲೇ ಇದ್ದ ಹಿರಿಯ ನರ್ಸ್.

ಬೈಗುಳದ ಮಳೆಯೇ ಸುರಿಯುತ್ತದೆಂದು ಎಲ್ಲರೂ ಕಾದರು. ಡಾಕ್ಟರಮ್ಮ ಬೈಯಲಿಲ್ಲ. "ಹೇಗೆ ನೋಡಿಕೊಂಡೆ, ತೋರಿಸು," ಎಂದರು. ಕಡ್ಡಿ ಮಲಗಿ, ಕತ್ತು ಎತ್ತಿ ಯಂತ್ರದ ಪರದೆ ನೋಡುತ್ತ ಹಿಡಿಯನ್ನು ಹೊಟ್ಟೆಗೆ ಒತ್ತಿದಳು. ಡಾಕ್ಟರಮ್ಮ ಅವಳ ಕೈಯನ್ನು ಹಿಡಿದು ಮೆಲ್ಲಗೆ, ಸ್ವಲ್ಪವೇ ಮೇಲಕ್ಕೆ ಸಡಿಲಿಸಿದರು. ಪರದೆಯ ಮೇಲೆ ಗೆರೆಯಂತೆ ಕಾಣುತ್ತಿದ್ದ ನೀರಿನ ಕಪ್ಪು ಜಾಗ ಅಗಲವಾಯಿತು.

"ಹೆದರಿದ ಕೈ ಒತ್ತುತ್ತೆ ಕಣೇ. ಒತ್ತಿದಷ್ಟೂ ನೀರು ಪಕ್ಕಕ್ಕೆ ಸರಿಯುತ್ತೆ, ಸರಿದಷ್ಟೂ ನಿನ್ನ ಹೆದರಿಕೆ ಜಾಸ್ತಿ. ನೀರು ಕಮ್ಮಿಯಿರೋದು ನಿಜ, ಆದ್ರೆ ನೀನು ಅಂದುಕೊಂಡಷ್ಟಿಲ್ಲ. ಮಗು ಇನ್ನು ಸ್ವಲ್ಪ ದಿನ ಒಳಗಿದ್ರೆ ಅದರ ಶ್ವಾಸಕೋಶ ಬಲಿಯುತ್ತೆ. ಇನ್ಮೇಲೆ ಈ ಯಂತ್ರ ಮುಟ್ಟಿದ್ರೆ ನೋಡು. ಇಲ್ಲಿ ನೀನು ಡಾಕ್ಟರಲ್ಲ, ಬಸುರಿ."

ಅಂದೇ ಅವಳಿಗೆ ರಜೆ ಹಾಕಿಸಿದರು. ಅಲ್ಲಿಂದ ಮುಂದೆ ಅವಳ ಸ್ಕ್ಯಾನನ್ನು ಬೇರೆ ಯಾರಿಗೂ ಬಿಡದೆ, ತಮ್ಮ ರಜೆಯ ದಿನವೂ ಬಂದು ತಾವೇ ಮಾಡಿದರು. ಕಡ್ಡಿಗೆ ನಿದ್ದೆ ಬರತೊಡಗಿತು, ಹಸಿವೂ ಆಯಿತು. ಹೀಗೆ ವಾರಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಮಗುವಿನ ಒದೆತ ಮಂದವಾದಂತೆ ಅವಳಿಗನ್ನಿಸಿತು. ಮತ್ತೆ ಪುಕ್ಕಲಿ ಅನ್ನಿಸಿಕೊಂಡೇನೆಂದು ಅಳುಕುತ್ತಲೇ ಫೋನ್ ಮಾಡಿದಳು. ಆ ಕಡೆಯಿಂದ ಬಂದದ್ದು ಒಂದೇ ಮಾತು: "ಈಗಲೇ ಹೊರಟು ಬಾ."

ಮಗುವಿನ ಎದೆಬಡಿತದ ಗ್ರಾಫ್ ನೋಡಿ, ಹಗುರ ಕೈಯಿಂದ ನೀರು ಅಳೆದು, "ಕಾದಿದ್ದು ಸಾಕು," ಎಂದ ಡಾಕ್ಟರಮ್ಮ ತಡಮಾಡದೆ ಆಪರೇಷನ್ ಕೋಣೆಗೆ ನಡೆದರು. ಹೆಣ್ಣುಮಗು ಹೊರಬಂದೊಡನೆ ಕಟ್ಟಡ ಹಾರಿಹೋಗುವಂತೆ ಕಿರುಚಿತು, ಹಿರಿಯ ನರ್ಸಿನ ಮುಂಗೈಯನ್ನೂ ನೆನೆಸಿತು. ಸುದ್ದಿ ಕೇಳಿದ ಅತ್ತೆ ಹೊರಗಿನ ಬೆಂಚಿನ ಮೇಲೆ ಕುಳಿತು ನಗುತ್ತಲೇ ಅತ್ತರು.

ಮಾರನೆಯ ದಿನ ಮಗುವನ್ನು ಎದೆಗವಚಿಕೊಂಡಿದ್ದ ಕಡ್ಡಿ ಕೇಳಿದಳು: "ನೀವು ಒಂದು ದಿನವೂ ಹೆದರಲಿಲ್ಲ ಅಲ್ವಾ, ಮೇಡಂ?"

"ಹೆದರಲಿಲ್ಲ ಅಂತ ಯಾರು ಹೇಳಿದ್ದು?" ಎಂದರು ಡಾಕ್ಟರಮ್ಮ, ಮಗುವಿನ ಟೋಪಿ ಸರಿಮಾಡುತ್ತ. "ನಿನ್ನ ಸ್ಕ್ಯಾನ್ ಇದ್ದ ದಿನ ನನಗೆ ಊಟ ಸೇರ್ತಿರಲಿಲ್ಲ. ಅದು ನಿನಗೆ ಗೊತ್ತಾಗಿದ್ರೆ, ನೀನು ಯಾರ ಹತ್ರ ಬಂದು ಹೆದರ್ತಿದ್ದೆ?"

ಆ ಮಗು ಈಗ ಶಾಲೆಗೆ ಹೋಗುತ್ತಿದೆ. ಅದರ ತಾಯಿ ಇನ್ನು ಮುಂದೆ ದೊಡ್ಡ ಡಾಕ್ಟರಮ್ಮನವರ ಕುರ್ಚಿಯಲ್ಲಿ ಕೂರಲಿದ್ದಾಳೆ. ಅವರ ಆಯುಸ್ಸು, ಆರೋಗ್ಯ, ಆ ಚುರುಕು ನಾಲಿಗೆ ಇನ್ನೂ ಬಹುಕಾಲ ಹೀಗೇ ಇರಲಿ. ಕಿರಿಯರಿಗೆ ಪಾಠ ಹೇಳಲು ವಾರಕ್ಕೊಮ್ಮೆ ಬರುವುದಾಗಿ ಅವರು ಒಪ್ಪಿದ್ದಾರೆ. ಬಿಡುವಾದರೆ ಎರಡು ಸಲ ಬರಲಿ. ಬಸುರಿಯರ ಮುಂದೆ ಧೈರ್ಯವಾಗಿ ಕೂರಬೇಕಾದ ಇಲ್ಲಿನ ವೈದ್ಯರಿಗೂ ಹೋಗಿ ಹೆದರಿಕೊಳ್ಳಲು ಒಬ್ಬರು ಬೇಕು.